ಫಾಲೆಸಿ ಅಜ್ಜಿಯ ಎರಡು ಕೋಣೆ

ಬಲಾಕಾ
ಜೂನ್ ೧೪, ಮಂಗಳವಾರ

ಪ್ರೀತಿಯ ಥೋಕೋ ಅಪ್ಪನಿಗೆ,

ಎಸ್ನಾಟಿ ಮಾಡುವ ವಂದನೆಗಳು. ಹರಿದು ಹಾಕುವ ಮನಸ್ಸಿದ್ದರೂ ಒಂದು ಸಲ ಕೊನೆಯವರೆಗೆ ಓದಿ ಆಮೇಲೆ ಹರಿಯಿರಿ. ಫೋನಿನಲ್ಲಿ ನನ್ನ ದನಿ ಕೇಳಿದರೆ ನೀವು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ನೀವಿರುವ ಮ್ಸುಜುವಿಗೆ ಹೋಗುವ ಬಸ್ಸಿನ ಡ್ರೈವರು ನೀವು ಕೆಲಸ ಮಾಡುವ ಬೇಕರಿಯ ಬಾಗಿಲಿಗೇ ತಂದು ಕೊಡುತ್ತೇನೆ ಅಂದಿದ್ದಾನೆ. ಇದನ್ನು ಬರೆಯಲು ಶುರು ಮಾಡಿ ನಾಲ್ಕು ದಿನವಾಯಿತು. ಮೂರು ಹಾಳೆ ಒಲೆಗೆ ಹೋಯಿತು.

ನಾವು ಕ್ಷೇಮ. ನಮ್ಮ ಮಗಳು ಥೋಕೋ ನಿಮ್ಮಷ್ಟೇ ಎತ್ತರ ಆಗಿದ್ದಾಳೆ. ಅವಳಿಗೆ ಈಗ ಚಪ್ಪಲಿ ಸಿಗುವುದೇ ಕಷ್ಟ.

ಮೇ ಕೊನೆಯಲ್ಲಿ ನಮ್ಮ ಚರ್ಚಿನಿಂದ ಹನ್ನೆರಡು ಜನ ಚಿಕ್ವಾವಾ ಕಡೆಗೆ ಹೋಗಿದ್ದೆವು. ಹೋದ ವರ್ಷದ ಪ್ರವಾಹದಲ್ಲಿ ಮನೆ ಕಳೆದುಕೊಂಡ ಒಂದು ಕುಟುಂಬಕ್ಕೆ ಆರು ದಿನದಲ್ಲಿ ಮನೆ ಕಟ್ಟಿಕೊಟ್ಟು ಬರುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು. ನನ್ನನ್ನು ಅಡುಗೆಗೆ ಹಾಕಿದ್ದರು. ಮುಂದಾಳು ಕಪಲಾಮುಲಾ ಮೇಷ್ಟ್ರು. ಅವರು ರಿಟೈರಾದರೂ ಗಂಟೆ ಹೊಡೆದವರ ಹಾಗೆ ಮಾತಾಡುವುದು ಬಿಟ್ಟಿಲ್ಲ, ನಿಮಗೆ ಗೊತ್ತಲ್ಲ. ಗೋಡೆಗೆ ಅಂತ ಯೋಹಾನೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದರು.

ಮನೆ ಫಾಲೆಸಿ ತೆಂಬೆನು ಅನ್ನುವ ಅಜ್ಜಿಯದು. ಅವಳ ಜೊತೆ ಸತ್ತ ಮಗಳ ಇಬ್ಬರು ಹೆಣ್ಣುಮಕ್ಕಳು. ಹದಿನಾರು ತಿಂಗಳು ಮೂವರೂ ಪ್ಲಾಸ್ಟಿಕ್ ಹಾಳೆಯ ಕೆಳಗೆ ಇದ್ದರು. ನಾನು ಅಲ್ಲಿ ಅಳುವವಳೊಬ್ಬಳನ್ನು ನೋಡುತ್ತೇನೆ, ಅಪ್ಪಿಕೊಂಡು ಸಮಾಧಾನ ಹೇಳುತ್ತೇನೆ ಅಂದುಕೊಂಡಿದ್ದೆ. ಅವಳು ಲಾರಿಯ ಹತ್ತಿರ ಬಂದವಳೇ ನಮ್ಮನ್ನೆಲ್ಲ ಎಣಿಸಿ, "ಹನ್ನೆರಡು ಜನರಲ್ಲಿ ಕೆಲಸ ಮಾಡೋರು ಎಷ್ಟು, ಹಾಡೋರು ಎಷ್ಟು?" ಅಂದಳು. ಮೇಷ್ಟ್ರ ಮುಖ ನೋಡಬೇಕಿತ್ತು.

ಅವಳ ಹಿತ್ತಲಲ್ಲಿ ಐದು ಸಾವಿರ ಇಟ್ಟಿಗೆ ಅಟ್ಟಿ ಮಾಡಿಟ್ಟಿತ್ತು. ನಾವು ಒಯ್ದದ್ದಲ್ಲ. ಪ್ರವಾಹ ಬಿಟ್ಟುಹೋದ ಕೆಸರನ್ನೇ ತುಳಿದು, ಅಚ್ಚಿಗೆ ಹೊಯ್ದು, ಮೊಮ್ಮಕ್ಕಳಿಂದ ಸೌದೆ ಹೊರಿಸಿ, ಅವಳೇ ಸುಟ್ಟದ್ದು. ಒಂದನ್ನು ಬೆರಳಿನಿಂದ ತಟ್ಟಿದೆ. ಗಂಟೆಯ ಹಾಗೆ ನಾದ ಬಂತು. ನೀವಿದ್ದಿದ್ದರೆ ಅಲ್ಲೇ ಕೂತು ಇನ್ನೊಂದು, ಮತ್ತೊಂದು ತಟ್ಟುತ್ತಿದ್ದಿರಿ.

ಎರಡನೇ ದಿನ ಪಾಯ ಮುಗಿಯುತ್ತಲೇ ಯೋಹಾನೆಗೆ ಮಲೇರಿಯಾ ಜ್ವರ ಏರಿತು. ಲಾರಿಯಲ್ಲಿ ಆಸ್ಪತ್ರೆಗೆ ಕಳಿಸಿದರು. ಕರಣೆ ಮೇಷ್ಟ್ರ ಕೈಗೆ ಬಂತು. ಪಾಪ, ಅವರು ಬೆವರು ಸುರಿಸಿ ದುಡಿದರು, ಇಲ್ಲ ಅನ್ನಲಾರೆ. ಆದರೆ ದಾರ ಕಟ್ಟುವುದು ಗೊತ್ತಿಲ್ಲ, ತೂಗುಗುಂಡು ಬಿಡುವುದು ಗೊತ್ತಿಲ್ಲ. ಸಾಲದ್ದಕ್ಕೆ ದಾರಿಯಲ್ಲಿ ನಾಲ್ಕು ಚೀಲ ಸಿಮೆಂಟು ನೆನೆದು ಕಲ್ಲಾಗಿತ್ತು. ಇರುವುದನ್ನು ಸಾಲಿಸಬೇಕೆಂದು ಒಂದು ಬಾಂಡ್ಲಿ ಸಿಮೆಂಟಿಗೆ ಹತ್ತು ಬಾಂಡ್ಲಿ ಮರಳು ಹಾಕಿಸಿದರು. ಎಂಟು ವರಸೆ ಇಟ್ಟಿಗೆ ಏರುವ ಹೊತ್ತಿಗೆ ಗೋಡೆ ಊಟ ಮಾಡಿದವನ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿತ್ತು.

ಹದಿನಾಲ್ಕು ವರ್ಷ ನಿಮಗೆ ಗಾರೆ ಕಲಸಿ ಕೊಟ್ಟವಳು ನಾನು. ನೀವು ಇಟ್ಟಿಗೆ ಇಡುವುದನ್ನು ನೋಡಿ ನೋಡಿ ನನ್ನ ಮಣಿಕಟ್ಟಿಗೂ ಆ ಲೆಕ್ಕ ಹತ್ತಿದೆ. ಆದರೂ ಬಾಯಿ ಬಿಡಲಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ, ಸ್ವಲ್ಪ ತಾಳಿ.

ನಾಲ್ಕನೇ ದಿನ ಬೆಳಿಗ್ಗೆ ಅಜ್ಜಿ ನನ್ನ ಒಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಮಗಳೇ, ನ್ಸಿಮಾ ಮುದ್ದೆ ತಳ ಹಿಡೀತಿದೆ. ನಿನ್ನೆಯೂ ಹಿಡಿದಿತ್ತು. ನೀನು ಹಿಟ್ಟು ತೊಳಸ್ತಾ ಗೋಡೆ ನೋಡ್ತೀಯ. ಅಲ್ಲೇನು ಕಾಣುತ್ತೆ ನಿನಗೆ?"

"ಏನಿಲ್ಲ ಅಜ್ಜಿ" ಅಂದೆ.

"ನನ್ನ ಕಣ್ಣಿಗೆ ಪೊರೆ ಬಂದಿದೆ, ಕಿವಿಗೆ ಬಂದಿಲ್ಲ. ನಿನ್ನ ದನಿ ಸರಿಯಿಲ್ಲ. ಆ ಗೋಡೆ ಪಕ್ಕ ಮಲಗೋರು ನನ್ನ ಮಕ್ಕಳು. ಹೇಳು."

ಸೌಟು ಅಲ್ಲೇ ಬಿಟ್ಟು ಎದ್ದೆ. ಮೇಷ್ಟ್ರ ಹತ್ತಿರ ಹೋಗಿ, ಇದನ್ನು ಕೆಡವಬೇಕು ಅಂದೆ.

ಮೇಷ್ಟ್ರು ನಕ್ಕರು. "ಏನಮ್ಮ ಎಸ್ನಾಟಿ, ಅಡುಗೆಯೋರು ಗೋಡೆಗೂ ಉಪ್ಪು ನೋಡ್ತೀರಾ? ಮೇಲೆ ಗಿಲಾವು ಮಾಡಿದ್ರೆ ಎಲ್ಲ ಮುಚ್ಚಿಹೋಗುತ್ತೆ."

ಮುಚ್ಚಿಹೋಗುತ್ತೆ ಅಂದ ಆ ಮಾತಿಗೆ ನನಗೇನೋ ಆಯಿತು. ಗೋಡೆಗೆ ಹೆಗಲು ಕೊಟ್ಟು ಒಂದು ಸಲ ನೂಕಿದೆ. ಮೇಲಿನ ಮೂರು ವರಸೆ ಅಲುಗಾಡಿತು, ಸಂದಿನಿಂದ ಮರಳು ಪುರುಪುರು ಉದುರಿತು.

ಮೇಷ್ಟ್ರಿಗೆ ಕೋಪ ಬಂತು. "ಇನ್ನು ಮೂರೇ ದಿನ ಇರೋದು. ಇದನ್ನ ಕೆಡವಿದ್ರೆ ಗೋಡೆಯೂ ಇಲ್ಲ, ಮನೆಯೂ ಇಲ್ಲ. ಸಭೆಗೆ ಏನು ಹೇಳ್ಲಿ? ಸರಿಯಾಗಿ ಕಲಸೋಕೆ ಸಿಮೆಂಟ್ ಎಲ್ಲಿದೆ?"

ಆಗ ಅಜ್ಜಿ ನಿಧಾನಕ್ಕೆ ಬಂದು ಗೋಡೆಯ ಮೇಲೆ ಅಂಗೈ ಆಡಿಸಿದಳು. "ಮೇಷ್ಟ್ರೇ, ನೀವು ಮೂರು ಕೋಣೆ ಕೊಡ್ತೀವಿ ಅಂದ್ರಿ. ಮೂರು ಕೋಣೆ ಯಾರು ಗುಡಿಸ್ತಾರೆ? ನನಗೆ ಎರಡು ಕೊಡಿ, ಗಟ್ಟಿಯಾಗಿ ಕೊಡಿ. ಇರೋ ಸಿಮೆಂಟು ಅದಕ್ಕೆ ಸಾಕಾಗಲ್ವಾ ಮಗಳೇ?"

ಲೆಕ್ಕ ಹಾಕಿದೆ. ಒಂದಕ್ಕೆ ಐದರ ಹಾಗೆ ಕಲಸಿದರೆ ಎರಡು ಕೋಣೆಗೆ ಸರಿಹೋಗುತ್ತಿತ್ತು. ಸಾಕು ಅಂದೆ. ಅಜ್ಜಿ ಕೈ ಚಾಚಿ ಮೇಲಿನ ವರಸೆಯ ಮೊದಲ ಇಟ್ಟಿಗೆಯನ್ನು ತಾನೇ ಕಿತ್ತು ನೆಲಕ್ಕಿಟ್ಟಳು. "ನನ್ನ ಮನೆ. ಮೊದಲನೇದು ನಾನೇ ಕೀಳ್ತೀನಿ" ಅಂದಳು. ಹದಿನಾರು ತಿಂಗಳು ಗೋಡೆಗಾಗಿ ಕಾದವಳು, ಥೋಕೋ ಅಪ್ಪ! ನನಗೆ ಆ ಎದೆ ಇಲ್ಲ.

ಎರಡನೇ ಇಟ್ಟಿಗೆ ಕಿತ್ತವರು ಯಾರು ಗೊತ್ತೆ? ಮೇಷ್ಟ್ರು. ಸ್ವಲ್ಪ ಹೊತ್ತು ದೂರ ನಿಂತಿದ್ದು, ಆಮೇಲೆ ಕರಣೆ ತಂದು ನನ್ನ ಕೈಗೆ ಕೊಟ್ಟು, "ಏನು ಮಾಡಲಿ ಹೇಳಮ್ಮ" ಅಂದರು. ಅರವತ್ತೇಳು ವರ್ಷದ ಮನುಷ್ಯ. ಅವತ್ತಿಂದ ಮೂರು ದಿನ ಇಟ್ಟಿಗೆ ಹೊತ್ತರು. ನಾನು ಅವರನ್ನು ಎಷ್ಟೋ ವರ್ಷ ಬರೀ ಬಾಯಿ ಅಂದುಕೊಂಡಿದ್ದೆ.

ಊರಿನ ಹೆಂಗಸರು ತಾವಾಗಿಯೇ ಬಂದು ಕಿತ್ತ ಇಟ್ಟಿಗೆಯ ಗಾರೆ ಕೆರೆದು ಕೊಟ್ಟರು. ನಾನು ನಾಲ್ಕು ಮೂಲೆ ಎತ್ತಿದೆ. ಮೊದಲ ಮೂಲೆಯ ಇಟ್ಟಿಗೆಯನ್ನು ಎರಡು ಸಲ ಕಿತ್ತು ಮತ್ತೆ ಇಟ್ಟೆ. ಎರಡನೆಯದರಲ್ಲಿ ನೀವು ಗೊಣಗುವುದು ಕೇಳಿಸಿತು, "ಅವಸರ ಬೇಡ, ಇಟ್ಟಿಗೆಗೆ ಕೂರೋಕೆ ಬಿಡು" ಅಂತ. ಆಮೇಲೆ ಕೈ ತಾನಾಗಿ ನಡೆಯಿತು. ತೂಗುಗುಂಡು ಬಿಟ್ಟರೆ ದಾರ ಗೋಡೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಇಳಿಯಿತು. ಇಷ್ಟು ವರ್ಷ ನೀವು ಮಾಡಿದ್ದು ಎಂಥ ಕೆಲಸ ಅನ್ನುವುದು ನನಗೆ ಅವತ್ತು ತಿಳಿಯಿತು. ಬಿಸಿಲಲ್ಲಿ ಸೊಂಟ ಬಗ್ಗಿಸಿ ನಿಂತು, ಮನೆಗೆ ಬಂದು ಒಂದು ಮಾತೂ ಆಡದೆ ಕೈ ತೊಳೆದುಕೊಳ್ಳುತ್ತಿದ್ದಿರಿ. ನಾನು ಅದನ್ನು ಸಿಡುಕು ಅಂದುಕೊಳ್ಳುತ್ತಿದ್ದೆ. ಅದು ದಣಿವು.

ಈಗ ಆ ಮಾತು.

ಐದನೇ ದಿನ ಬೆಳಿಗ್ಗೆ ನಾನೂ ಅಜ್ಜಿಯೂ ನದಿಯ ಹತ್ತಿರ ಮರಳು ಜರಡಿ ಹಿಡಿಯುತ್ತಿದ್ದೆವು. ಅವಳು ಸುಮ್ಮನೆ ಕೇಳಿದಳು, "ಇಷ್ಟು ಬಲ್ಲವಳು ಎರಡು ದಿನ ಯಾಕೆ ಬಾಯಿ ಕಟ್ಟಿಕೊಂಡಿದ್ದೆ?" ನಾನು ಜರಡಿ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತೇನೆ.

ನೀವು ಕಟ್ಟಿದ ಚರ್ಚಿನ ಅಡುಗೆಕೋಣೆಯ ಗೋಡೆ ಬಿದ್ದದ್ದು ನಿಮ್ಮಿಂದ ಅಲ್ಲ. ನನ್ನಿಂದ. ಅದನ್ನು ಕಟ್ಟುತ್ತಿದ್ದ ವಾರ ನನ್ನ ತಂಗಿ ನೋಲಿಯಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳ ಮನೆಯ ನೆಲ ಕಿತ್ತುಹೋಗಿತ್ತು. ನಿಮ್ಮನ್ನು ಕೇಳದೆ ಅರ್ಧ ಚೀಲ ಸಿಮೆಂಟು ಅವಳಿಗೆ ಕೊಟ್ಟೆ. ಕೊನೆಯ ದಿನದ ಮೇಲಿನ ವರಸೆಗಳಿಗೆ ಕಲಸುವಾಗ ಸಾಲಲಿಲ್ಲ. ಮರಳು ಜಾಸ್ತಿ ಹಾಕಿ, ಬಣ್ಣ ಪೇಲವ ಕಾಣದಿರಲಿ ಅಂತ ಸ್ವಲ್ಪ ಕರಿಮಣ್ಣು ಬೆರೆಸಿದೆ. ನೀವು ಬಾಂಡ್ಲಿ ತೆಗೆದುಕೊಂಡಿರಿ. ನನ್ನ ಕೈಯಿಂದ ಬಂದದ್ದನ್ನು ನೀವು ಯಾವತ್ತೂ ಮುಟ್ಟಿ ನೋಡಿದವರಲ್ಲ.

ನಾಲ್ಕು ತಿಂಗಳ ಮೇಲೆ ಗಾಳಿಗೆ ಆ ಗೋಡೆ ಬಿತ್ತು, ಕಾವಲುಗಾರ ಲೆಮಾನಿಯ ಪಾದ ಜಜ್ಜಿಹೋಯಿತು. ಸಭೆಯಲ್ಲಿ ನಿಮ್ಮನ್ನು ನಿಲ್ಲಿಸಿ ಕೇಳಿದರು. ಮನೆಗೆ ಬಂದು ನೀವು ನನ್ನನ್ನು ಒಂದೇ ಸಲ ಕೇಳಿದಿರಿ, ಗಾರೆ ಸರಿಯಾಗಿ ಕಲಸಿದ್ದೆಯಾ ಅಂತ. "ನಾನೇನು ಹೊಸಬಳಾ?" ಅಂದೆ. ನೀವು ಮತ್ತೆ ಕೇಳಲಿಲ್ಲ. ತಪ್ಪು ನಿಮ್ಮದೇ ಇರಬೇಕು ಅಂತ ನಂಬಿದಿರಿ. ಕರಣೆ ಮುಟ್ಟುವುದು ಬಿಟ್ಟಿರಿ, ಊಟ ಬಿಟ್ಟಿರಿ, ಕೊನೆಗೆ ಊರು ಬಿಟ್ಟಿರಿ. ನಾನು ನೋಡುತ್ತಾ ಇದ್ದೆ. ಜಗಳದಲ್ಲಿ ಒಂದು ಸಲ, "ನಿಮ್ಮ ಗೋಡೆ ನಿಲ್ಲಲ್ಲ, ನೀವೂ ನಿಲ್ಲಲ್ಲ" ಅಂತ ಅಂದೂ ಬಿಟ್ಟೆ. ಅದನ್ನು ನೆನೆದರೆ ನಾಲಿಗೆ ಉರಿಯುತ್ತದೆ. ಅಂಥವಳು ಇನ್ನೊಬ್ಬರ ಗಾರೆಗೆ ಯಾವ ಬಾಯಲ್ಲಿ ಹೆಸರಿಡಲಿ?

ಅಜ್ಜಿ ಎಲ್ಲ ಕೇಳಿದಳು. ಸಮಾಧಾನದ ಒಂದು ಮಾತಾದರೂ ಹೇಳುತ್ತಾಳೆ ಅಂತ ಕಾದೆ. "ನನಗ್ಯಾಕೆ ಹೇಳ್ತಿದೀಯ ತಾಯಿ? ಆ ಗೋಡೆ ನನ್ನ ಮೇಲೆ ಬಿದ್ದಿಲ್ಲವಲ್ಲ" ಅಂದಳು. ಅಂದು, ಮರಳಿನ ಬುಟ್ಟಿಯನ್ನು ನನ್ನ ತಲೆಗೆ ಎತ್ತಿ ಕೊಟ್ಟಳು.

ಶನಿವಾರ ಮಧ್ಯಾಹ್ನ ತಗಡು ಏರಿತು. ಮೇಷ್ಟ್ರು ಪ್ರಾರ್ಥನೆಗೆ ಸಿದ್ಧರಾಗುತ್ತಿದ್ದರು. ಅಜ್ಜಿ ಮೊಮ್ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ, ನಮ್ಮ ಮುಖಕ್ಕೇ ಬಾಗಿಲು ಹಾಕಿಕೊಂಡು ಚಿಲಕ ಜಡಿದಳು. ಉಳಿದ ನಾವು ಹನ್ನೊಂದು ಜನ ಬಿಸಿಲಲ್ಲಿ ನಿಂತಿದ್ದೆವು. ಒಳಗಿಂದ ಮೊದಲು ಹುಡುಗಿಯರ ನಗು, ಆಮೇಲೆ ಅಜ್ಜಿಯ ನಗು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. "ಅಜ್ಜೀ, ಪ್ರಾರ್ಥನೆ ಮಾಡಬೇಕಿತ್ತು" ಅಂತ ಮೇಷ್ಟ್ರು ಕೂಗಿದರೆ, "ಅಲ್ಲಿಂದಲೇ ಮಾಡಿ, ದೇವರಿಗೆ ಕೇಳುತ್ತೆ. ಒಂದೂವರೆ ವರ್ಷದ ಮೇಲೆ ನನಗೊಂದು ಬಾಗಿಲು ಸಿಕ್ಕಿದೆ, ಸ್ವಲ್ಪ ಹಾಕ್ಕೊಂಡಿರ್ತೀನಿ" ಅಂದಳು. ಮೇಷ್ಟ್ರು ಟೋಪಿ ತೆಗೆದು ಹೊರಗೇ ಪ್ರಾರ್ಥಿಸಿದರು.

ಮರು ವಾರ ಚರ್ಚಿನಲ್ಲಿ ವರದಿ ಒಪ್ಪಿಸುವಾಗ ಮೇಷ್ಟ್ರು ನನ್ನನ್ನು ಎದ್ದು ನಿಲ್ಲಿಸಿದರು. "ಈಕೆ ಇಲ್ಲದಿದ್ದರೆ ನಾನು ಒಂದು ಸಮಾಧಿ ಕಟ್ಟಿ ಬರುತ್ತಿದ್ದೆ. ಎಲ್ಲಿ ಕಲಿತೆಯಮ್ಮ?" ಅಂದರು. ಜನ ಚಪ್ಪಾಳೆ ಹೊಡೆದರು. "ನನ್ನ ಗಂಡನಿಂದ" ಅಂದೆ. ಚಪ್ಪಾಳೆ ನಿಂತಿತು. ಹಿಂದಿನ ಬೆಂಚಿನಲ್ಲಿ ಲೆಮಾನಿ ಕೂತಿದ್ದ. ಅವನನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದೆ, ಸಿಮೆಂಟು, ಕರಿಮಣ್ಣು, ಸುಳ್ಳು, ಎಲ್ಲ. ಲೆಮಾನಿ ಎದ್ದು, ಕೋಲು ಊರುತ್ತಾ ಹೊರಗೆ ಹೋದ. ಥೋಕೋ ತಲೆ ತಗ್ಗಿಸಿ ಕೂತಿದ್ದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ನನ್ನ ತಟ್ಟೆಗೆ ಮೀನು ಬಡಿಸಿದಳು, ಅಷ್ಟೇ. ನನಗೆ ಅದೇ ದೊಡ್ಡದು.

ಗುರುವಾರ ಲೆಮಾನಿ ಮನೆಗೇ ಬಂದ. ಕೂರು ಅಂದರೆ ಕೂರಲಿಲ್ಲ. ನಿಮ್ಮ ಹೆಸರೆತ್ತಿ, "ಲಾಫುಕೆನಿಗೆ ಗೊತ್ತಾ?" ಅಂದ. ಇಲ್ಲ ಅಂದೆ. "ಮೂರು ವರ್ಷ ಆ ಮನುಷ್ಯನ ಹೆಸರು ಹಿಡಿದು ಉಗಿದೆ. ಬೀದಿಯಲ್ಲಿ ಸಿಕ್ಕಾಗ ಮಕ್ಕಳ ಎದುರು ಬೈದೆ. ಅವನು ತಲೆ ಬಗ್ಗಿಸಿ ನಿಂತ, ನಿನ್ನಿಂದಾಗಿ. ಮೊದಲು ಅವನಿಗೆ ಬರಿ. ನನ್ನ ಕಾಲಿನ ಮಾತು ಆಮೇಲೆ." ಬಾಗಿಲವರೆಗೆ ಹೋಗಿ ತಿರುಗಿ, "ನನ್ನದೂ ಒಂದು ತಪ್ಪಾಯ್ತು ಅಂತ ಸೇರಿಸು" ಅಂದ. ಸೇರಿಸಿದ್ದೇನೆ.

ಕ್ಷಮಿಸಿ ಅಂತ ಬರೆಯಲು ಕೈ ಹೋಗುತ್ತದೆ. ಬರೆದರೆ ನೀವು ಏನಾದರೂ ಉತ್ತರ ಕೊಡಲೇಬೇಕಾಗುತ್ತದೆ. ನಿಮ್ಮ ಮೇಲೆ ಇನ್ನೊಂದು ಹೊರೆ ಹೊರಿಸಲಾರೆ. ನೀವು ಕಟ್ಟಿದ ಒಂದು ಗೋಡೆಯೂ ನಿಮ್ಮ ಕೈಯಿಂದ ಬಿದ್ದಿಲ್ಲ, ಇದು ನಿಮಗೆ ತಿಳಿಯಬೇಕಿತ್ತು. ತಿಳಿಸಲು ನನಗೆ ಮೂರು ವರ್ಷ ಬೇಕಾಯಿತು. ಅಲ್ಲಿ ಚಳಿ ಜಾಸ್ತಿ ಅಂತ ಕೇಳಿದೆ, ಬೆಚ್ಚಗಿರಿ.

ನಿಮಗೆ ಗಾರೆ ಕಲಸಿಕೊಟ್ಟ,
ಎಸ್ನಾಟಿ

ಇನ್ನೊಂದು ಮಾತು: ಕಾಗದ ಮಡಿಸುವಾಗ ಲೆಮಾನಿ ಮತ್ತೆ ಬಂದಿದ್ದ. ಆಗಸ್ಟಿನಲ್ಲಿ ನಮ್ಮ ಗುಂಪು ಚಿಲ್ವಾ ಸರೋವರದ ಕಡೆ ಇರುವ ಅವನ ಹೆಂಡತಿ ಮಕ್ಕಳಿಗೆ ಒಂದು ಮನೆ ಕಟ್ಟಿಕೊಡುವುದೆಂದು ಸಭೆಯಲ್ಲಿ ತೀರ್ಮಾನವಾಗಿದೆ. ಅವನು ಒಂದೇ ಹಟ ಹಿಡಿದಿದ್ದಾನೆ: "ಗೋಡೆ ಲಾಫುಕೆನಿ ಎತ್ತಬೇಕು, ಗಾರೆ ನೀನೇ ಕಲಸಬೇಕು. ನಾನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಬಾಂಡ್ಲಿ ಎಣಿಸ್ತೀನಿ. ಆಗಲ್ಲ ಅಂದ್ರೆ ಮನೆಯೇ ಬೇಡ." ಪಟ್ಟಿಯಲ್ಲಿ ನಿಮ್ಮ ಹೆಸರು ನಾನೇ ಬರೆದಿದ್ದೇನೆ, ಪೆನ್ಸಿಲಿನಲ್ಲಿ. ಲಾರಿ ಆಗಸ್ಟ್ ಆರನೇ ತಾರೀಕು ಬೆಳಿಗ್ಗೆ ಆರು ಗಂಟೆಗೆ ಚರ್ಚಿನ ಮುಂದಿನಿಂದ ಹೊರಡುತ್ತದೆ.