ನಿಂತ ನೀರಿನ ಮೇಷ್ಟರು

ಬೆಟ್ಟದಪುರ
೧೨–೨–೧೯೬೮

ಗೆಳೆಯ ನಸೀರನಿಗೆ ಮಹದೇವಯ್ಯನ ನಮಸ್ಕಾರ.

ನಾವಿಲ್ಲಿ ಕ್ಷೇಮ. ನಿಮ್ಮ ಮನೆಯವರ ಮಂಡಿನೋವು ಇಳಿಯಿತೇ? ಉತ್ತರ ತಡವಾಯಿತೆಂದು ಬೈಯಬೇಡ. ಪರೀಕ್ಷೆ ಹತ್ತಿರ ಬಂತು, ಹುಡುಗರಿಗಿಂತ ನನಗೇ ಜ್ವರ.

ಹುಣಸೂರಿನ ನಿಮ್ಮ ಹೊಸ ಹೈಸ್ಕೂಲಿಗೆ ಹೆಡ್‌ಮಾಸ್ತರನಾಗಿ ಬಾ ಎಂದು ಕರೆದಿದ್ದೀಯ. ಸಂತೋಷ. ಆದರೆ ಕೊನೆಯಲ್ಲಿ, ‘ಆ ಊರಲ್ಲೇ ಕೂತು ಸ್ಟ್ಯಾಗ್ನೆಂಟ್ ಆಗಿಬಿಟ್ಟಿದ್ದೀಯ ಕಣೋ’ ಎಂದು ಬರೆದೆಯಲ್ಲ! ಮರ ಮಾರುವವನು ಇಂಗ್ಲಿಷ್ ಮೇಷ್ಟರಿಗೇ ಇಂಗ್ಲಿಷಿನಲ್ಲಿ ಬೈಯುವುದೇ? ಸಿಟ್ಟಿನಲ್ಲಿ ನಿಘಂಟು ತೆಗೆದೆ.

ಕೇಳು. ಮೂಲ ಲ್ಯಾಟಿನ್ನಿನ ‘ಸ್ಟ್ಯಾಗ್ನಮ್’. ಹಾಗೆಂದರೆ ಬರೀ ಕೊಳ, ನಿಂತ ನೀರು. ಅದರಲ್ಲಿ ನಾತವೂ ಇಲ್ಲ, ನಿಂದೆಯೂ ಇಲ್ಲ. ಕೊಳೆತದ್ದು, ಮುಂದಕ್ಕೆ ಹೋಗದ್ದು ಎಂಬ ಅರ್ಥವೆಲ್ಲ ಜನ ಆಮೇಲೆ ಅಂಟಿಸಿದ್ದು. ಇಂಗ್ಲಿಷ್ ದೊರೆಗಳು ನಮ್ಮ ಕೆರೆಯನ್ನು ಟ್ಯಾಂಕ್ ಎಂದರಲ್ಲ, ಅದೂ ಇದೇ ಬುಡದ್ದು, ಪೋರ್ಚುಗೀಸರ ಹಡಗೇರಿ ಬಂತು ಎನ್ನುತ್ತಾರೆ ಕೆಲವರು. ಇಲ್ಲ, ಗುಜರಾತಿನ ಮಾತು ಎನ್ನುತ್ತಾರೆ ಇನ್ನು ಕೆಲವರು. ಪಂಡಿತರ ಜಗಳ, ನಮಗೇಕೆ?

ನಾನು ನಿಂತ ನೀರೇ ಸರಿ. ಹತ್ತೂರ ನೀರು ಕುಡಿದ ನೀನು ಒಮ್ಮೆ ಬಂದು ನೋಡು. ಜಗಲಿಯಲ್ಲಿ ಕೂತರೆ ಕೆರೆ, ಏರಿಯ ಮೇಲೆ ಎಮ್ಮೆಗಳು, ನೀರೊಳಗೆ ತಲೆಕೆಳಗಾಗಿ ಬೆಟ್ಟ. ಹರಿಯುವ ನೀರಿನಲ್ಲಿ ಬೆಟ್ಟ ಕಾಣುತ್ತದೆಯೇ? ಕೆರೆಯಲ್ಲಿ ಮೀನು ಹಿಡಿದ ದಿನ ಮೊದಲ ಪಾಲು ಮೇಷ್ಟರ ಮನೆಗೇ ಬರುತ್ತದೆ, ನಾನು ತಿನ್ನುವುದಿಲ್ಲವೆಂದು ಗೊತ್ತಿದ್ದೂ. ಮೊನ್ನೆ ಮೀನು ಹಿಡಿಯುವ ದೇವಯ್ಯ, ‘ತಿನ್ನದಿದ್ರೆ ಬುಡಿ ಸಾ, ಮುಟ್ಟಿ ಕೊಡಿ, ಆಮೇಲೆ ನಾವು ಹಂಚ್ಕತೀವಿ’ ಎಂದು ಬುಟ್ಟಿ ಹಿಡಿದು ನಿಂತ. ಇಂಥ ಮರ್ಯಾದೆ ಹುಣಸೂರಿನಲ್ಲಿ ಸಿಕ್ಕೀತೇ?

ಆದ್ದರಿಂದ ಬರಲಾರೆ. ಕಮಿಟಿಯವರಿಗೆ ಹೇಳಿಬಿಡು. ಮಕ್ಕಳಿಗೆ ಆಶೀರ್ವಾದ, ನಿನ್ನ ವ್ಯಾಪಾರ ಹೆಚ್ಚಲಿ.

ಇಂತು ನಿನ್ನ ನಿಂತ ನೀರು,
ಮಹದೇವಯ್ಯ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನನ್ನ ಮನೆಯಾಕೆ ಪ್ರೇಮಮ್ಮನಿಗೆ ಓದಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಸೊಂಟದ ಕೊಡ ಇಳಿಸಿ, ‘ನೀವು ಕೂತು ನೋಡೋ ನೀರ್ನ ನಾನು ಹೊತ್ಕಂಡು ಬತ್ತೀನಿ ಕಣ್ರೀ. ಹುಣಸೂರಲ್ಲಿ ನಲ್ಲಿ ಐತಂತೆ. ಬತ್ತೀರಾ ಅಂತ ನಸೀರಣ್ಣ ನಿಮ್ಮ ಕೇಳವ್ರೆ, ನೀವು ನನ್ನ ಕೇಳಿದ್ರಾ?’ ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಇಂಥ ಮಾತು ಬಂದಿರಲಿಲ್ಲ. ನಿನ್ನ ಬೈಗುಳಕ್ಕೆ ನಿಘಂಟಿನಲ್ಲಿ ಉತ್ತರವಿತ್ತು, ಇದಕ್ಕೆ ಇಲ್ಲ. ತುಂಬಾ ನೋವಾಯಿತು ನಸೀರ.

ಬರುತ್ತೇನೆಂದು ಕಮಿಟಿಯವರಿಗೆ ಹೇಳು. ಒಂದು ಬಾಡಿಗೆ ಮನೆ ನೋಡಿಡು. ಚಿಕ್ಕದಾದರೂ ಚಿಂತೆಯಿಲ್ಲ, ನಲ್ಲಿ ಮಾತ್ರ ಅಡಿಗೆಮನೆಯೊಳಗೇ ಇರಲಿ.