ಇವತ್ತಿನಿಂದ ನಾನು ಕೆಲಸಕ್ಕೆ

ಅಣ್ಣಾ,

ನೀನು ಏಳುವಷ್ಟರಲ್ಲಿ ನಾನು ಬೈಂಡಿಂಗ್ ಅಂಗಡಿಯಲ್ಲಿರುತ್ತೇನೆ. ಹುಡುಕಿಕೊಂಡು ಬರಬೇಡ. "ಅವಳು ಇನ್ನು ಬರೋದಿಲ್ಲ" ಅಂತ ನೀನು ಮಾಲೀಕರಿಗೆ ಫೋನ್ ಮಾಡಿದ್ದು ಗೊತ್ತಾಯಿತು. ನಿನ್ನೆ ನಾನೇ ಮಾಡಿ "ಬರ್ತೀನಿ" ಅಂದೆ.

ಚಹಾ ಫ್ಲಾಸ್ಕಿನಲ್ಲಿದೆ. ಗ್ಯಾಸ್ ಆರಿಸಿದ್ದೇನೆ, ಎರಡು ಸಲ ನೋಡಿದೆ. ಮಾತ್ರೆ ನುಂಗಿದ್ದೇನೆ, ಬೇಕಾದರೆ ಡಬ್ಬಿ ತೆಗೆದು ಎಣಿಸಿಕೋ. ಫಿಟ್ಸ್ ಬಂದವಳು ಸದ್ಯಕ್ಕೆ ಗಾಡಿ ಓಡಿಸಬಾರದು ಅಂತ ಡಾಕ್ಟರಮ್ಮ ಹೇಳಿದ್ದು ನೆನಪಿದೆ, ಸ್ಕೂಟರ್ ಮುಟ್ಟಿಲ್ಲ. ನಡೆದೇ ಹೋಗುತ್ತೇನೆ.

ನಾನು ಗೋಡೆಯ ಜೊತೆ ಮಾತಾಡುತ್ತಿದ್ದಾಗ, ನಿನ್ನ ಕೈ ಕಚ್ಚಿದಾಗ (ಮೂರು ಸಲ ಕ್ಷಮೆ ಕೇಳಿಯಾಗಿದೆ, ಇನ್ನು ಕೇಳುವುದಿಲ್ಲ), ಎಲ್ಲರೂ ಹುಚ್ಚು ಅಂದರು. "ಮೂರು ವಾರದ ಹಿಂದೆ ಇವಳು ಸರಿಯಾಗಿದ್ಲು, ಇನ್ನೊಂದು ಪರೀಕ್ಷೆ ಮಾಡಿ" ಅಂತ ಆಸ್ಪತ್ರೆಯ ಬಾಗಿಲು ಬಿಟ್ಟು ಏಳದೆ ಕೂತವನು ನೀನೊಬ್ಬನೇ. ಬೆನ್ನುಮೂಳೆಯೊಳಗಿನ ನೀರು ತೆಗೆದು ನೋಡಿದ ಮೇಲೆ ತಾನೇ, ರೋಗ ತಡೆಯಬೇಕಾದ ನನ್ನ ಮೈಯ ಕಾವಲೇ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮಿದುಳಿನ ಮೇಲೆ ಬಿದ್ದಿದೆ ಅಂತ ಗೊತ್ತಾದದ್ದು? ಅಂಥ ನೀನೇ ಈಗ ಬಂದವರಿಗೆಲ್ಲ "ಪಾಪ, ಮೊದಲಿನ ಹಾಗಿಲ್ಲ" ಅನ್ನುತ್ತೀಯಲ್ಲ, ಅದನ್ನು ಮಾತ್ರ ಸಹಿಸಲಾರೆ.

ಹೌದು, ಮೊದಲಿನ ಹಾಗಿಲ್ಲ. ಹೆಸರುಗಳು ಮರೆತುಹೋಗುತ್ತವೆ. ಆದರೆ ನಿನ್ನ ಹಳೇ ನಿಘಂಟನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದು ಪುಟ ಹಿಂದುಮುಂದಾಗಿದ್ದರೂ ಸಂಜೆ ಹೇಳು, ಮತ್ತೆ ಬಿಚ್ಚಿ ಹೊಲಿಯುತ್ತೇನೆ. ಮನೆಯಲ್ಲಿ ಮಾತ್ರ ಕೂರುವುದಿಲ್ಲ.

ನಿನ್ನ ತಂಗಿ