ಅಳತೆಗೆ ನಿಂತವನು

ವಡಾಲ, ಮುಂಬಯಿ
೧೯೭೧

ನಾನು ಕಣ್ಣಾರೆ ಕಾಣದ ನನ್ನ ನಿಂಗಣ್ಣ ಮುತ್ಯಾನಿಗೆ, ಮೊಮ್ಮಗಳ ಶರಣು.

ಮೊನ್ನೆ ನಿನ್ನನ್ನು ನೋಡಿದೆ. ನಾನು ಕೆಲಸ ಮಾಡುತ್ತಿದ್ದ ಸ್ಟುಡಿಯೋಗೆ ಯಾವುದೋ ಹೋಟೆಲಿನವರು ಒಂದು ಹಳೆಯ ನೆಗೆಟಿವ್ ಕಳಿಸಿದ್ದರು. ಇಲ್ಲಿಯ ಚೌಕವೊಂದರಲ್ಲಿ ಬ್ರಿಟಿಷರ ಕಾಲದ ಒಬ್ಬ ಲಾಟಸಾಹೇಬನ ಕಲ್ಲಿನ ಪುತ್ಥಳಿ. ಅದರ ಬುಡದಲ್ಲಿ ಹೆಗಲ ಮೇಲೆ ಸುತ್ತಿಗೆ ಹೊತ್ತ ಒಬ್ಬ ಕಲ್ಲುಕುಟಿಗ. ಅಪ್ಪನದೇ ಮೂಗು, ಅಪ್ಪನದೇ ಗದ್ದ. ಆ ಸುತ್ತಿಗೆಯ ಕಥೆಯನ್ನಂತೂ ನಿನ್ನ ಹೆಂಡತಿ, ನನ್ನ ಆಯಿ ರಾಚವ್ವ ಸಾಯುವತನಕ ಹೇಳುತ್ತಿದ್ದಳು: "ಸುತ್ತಿಗಿ ಕೆಳಗಿಟ್ಟು ಕೈಕಟ್ಟಿ ನಿಂದ್ರು ಅಂದನಂತ ಫೋಟೋ ತೆಗಿಯೋ ಸಾಹೇಬ. ನಿಮ್ಮ ಮುತ್ಯಾ ಇಡಲೇ ಇಲ್ಲ ನೋಡವ್ವಾ."

ಸಾಹೇಬ ನಿನ್ನ ಫೋಟೋ ತೆಗೆದನೆಂದು ನೀನು ಊರೆಲ್ಲ ಸಾರಿದ್ದೆಯಂತೆ. ಅಯ್ಯೋ ಹುಚ್ಚು ಮುತ್ಯಾ! ಅವನು ತೆಗೆದದ್ದು ಪುತ್ಥಳಿಯ ಫೋಟೋ. ಅದು ಎಷ್ಟು ದೊಡ್ಡದೆಂದು ವಿಲಾಯತಿಯ ಜನಕ್ಕೆ ತಿಳಿಯಲೆಂದು ಬುಡದಲ್ಲಿ ನಮ್ಮವನೊಬ್ಬನನ್ನು ಅಳತೆಗೆ ನಿಲ್ಲಿಸುವುದು ಅವರ ರೂಢಿ. ನೆಗೆಟಿವಿನ ಅಂಚಿನಲ್ಲಿ ಲಾಟಸಾಹೇಬನ ಹೆಸರಿದೆ, ಪುತ್ಥಳಿಯ ಎತ್ತರವಿದೆ. ನಿನ್ನ ಹೆಸರಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಹೋಟೆಲಿನ ಗೋಡೆಗೆ ದೊಡ್ಡ ಪ್ರಿಂಟ್ ಬೇಕಿತ್ತು. ನಮ್ಮ ಸ್ಟುಡಿಯೋದ ಮಾಲೀಕ ಬಸವಂತರಾಯರು, ನಮ್ಮ ಕಡೆಯವರೇ, "ಬುಡದಾಗಿನ ಹಮಾಲನ್ನ ಅಳಿಸಿಬಿಡು ಇಂದ್ರಾಬಾಯಿ. ಸಾಹೇಬ ಒಬ್ಬನೇ ಶಾನದಾರ ಕಾಣಬೇಕು" ಎಂದರು. ನೆಗೆಟಿವ್ ತಿದ್ದುವುದೇ ನನ್ನ ಕೆಲಸ. ಕುಂಚ ಒಂದಿಷ್ಟು ಆಡಿಸಿದರೆ ನೀನು ಇಲ್ಲವಾಗುತ್ತಿದ್ದೆ. ಈ ಲೋಕದಲ್ಲಿ ನಿನ್ನದೆಂದು ಉಳಿದ ಚಿತ್ರ ಅದೊಂದೇ.

"ಅವ ಹಮಾಲ ಅಲ್ರೀ, ನಮ್ಮ ಮುತ್ಯಾ. ನಾ ಅಳಸಂಗಿಲ್ಲ."

"ಹಂಗಾದ್ರ ನಾಳಿಂದ ಬರಬ್ಯಾಡ."

"ಆತು ಬಿಡ್ರಿ" ಎಂದೆ. ಆದರೆ ಬರಿಗೈಲಿ ಬರಲಿಲ್ಲ. ಡಾರ್ಕ್‌ರೂಮಿಗೆ ನುಗ್ಗಿ ಚಿಲಕ ಹಾಕಿಕೊಂಡು, ನನಗೆ ಬೇಕಾದ ಹಾಗೆ ಒಂದು ಪ್ರಿಂಟ್ ಮಾಡಿಕೊಂಡೆ. ಅವರು ಹೊರಗೆ ಬಾಗಿಲು ಬಡಿಯುತ್ತಲೇ ಇದ್ದರು. ಇನ್ನು ಯಾರಿಂದ ಬೇಕಾದರೂ ಅಳಿಸಿಕೊಳ್ಳಲಿ.

ಆ ಲಾಟಸಾಹೇಬನನ್ನು ಚೌಕದಿಂದ ಕಿತ್ತು ಇಲ್ಲೇ ಭಾಯಖಳಾ ಬಡಾವಣೆಯ ತೋಟದ ಮೂಲೆಗೆ ಹಾಕಿದ್ದಾರೆ, ಮೂಗು ಮುರಿದಿದೆ. ನೀನು ನಮ್ಮ ಚಾಳಿನ ಖೋಲಿಯಲ್ಲಿ, ದೇವರ ಪಕ್ಕದಲ್ಲಿ ನಿಂತಿದ್ದೀಯ. ಅಡಿಯಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಸಾಹೇಬನನ್ನು ಪೂರ್ತಿ ಕತ್ತರಿಸಲಿಲ್ಲ, ಮೇಲಂಚಿನಲ್ಲಿ ಅವನ ಬೂಟಿನ ತುದಿಯಷ್ಟು ಉಳಿಸಿದ್ದೇನೆ. ನೀನು ಎಷ್ಟು ದೊಡ್ಡವನೆಂದು ನೋಡಿದವರಿಗೆ ತಿಳಿಯಬೇಕಲ್ಲ, ಅಳತೆಗೆ ಇರಲಿ.

ಸುತ್ತಿಗೆಯನ್ನು ಆ ಲೋಕದಲ್ಲಿಯೂ ಕೆಳಗಿಡಬೇಡ, ಮುತ್ಯಾ. ನಿನ್ನ ಹಟ ನನ್ನ ಮಕ್ಕಳಿಗೂ ಬರಲೆಂದು ಹರಸು.

ನಿನ್ನ ಮೊಮ್ಮಗಳು,
ಇಂದ್ರಾಬಾಯಿ